ಎ.ಬಿ.ನಾ, ಬಿ.ಸಿ.ನಾ? ಕ್ಯಾಲ್ಕುಲಸ್ ಆರಿಸುವ ಮುಂಚೆ ಆಲ್ಜೀಬ್ರಾ ನೋಡಿ

(ಅಮೆರಿಕದಲ್ಲಿ ನಾವಿರುವ ಊರಿನ ಕನ್ನಡ ಕೂಟದಲ್ಲಿ, ಹೈಸ್ಕೂಲ್ ಮಕ್ಕಳಿಗೂ ಅವರ ಅಪ್ಪ-ಅಮ್ಮಂದಿರಿಗೂ ನಾನು ಮಾಡಿದ ಮಾತು. ಆಮೇಲೆ ಕೆಲವರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಮಕ್ಕಳು ಮೊದಲ ಸಾಲಿಗೆ ಬನ್ನಿ, ಇದು ನಿಮ್ಮ ವಿಷಯ.

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ಸ್ಕೂಲಿನಿಂದ ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರ್ಮ್ ಬಂದಿರುತ್ತದೆ, ವಾಪಸ್ ಕೊಡಲು ಒಂದು ವಾರವೋ ಹತ್ತು ದಿನವೋ ಇರುತ್ತದೆ, ಮನೆಯಲ್ಲಿ ಅಪ್ಪ ಒಂದು ಹೇಳುತ್ತಾರೆ, ಮಗಳು ಇನ್ನೊಂದು ಹೇಳುತ್ತಾಳೆ, ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಮೂರನೆಯದು ಹೇಳಿರುತ್ತಾರೆ. ಪ್ರಶ್ನೆ ಒಂದೇ. "ಮೇಡಂ, ಎ.ಪಿ. ಕ್ಯಾಲ್ಕುಲಸ್ ಎ.ಬಿ. ತಗೊಳ್ಳೋದಾ, ಬಿ.ಸಿ. ತಗೊಳ್ಳೋದಾ?" (ಎ.ಪಿ. ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್. ಎ.ಬಿ., ಬಿ.ಸಿ. ಅದರ ಕ್ಯಾಲ್ಕುಲಸ್‌ನ ಎರಡು ಬಗೆ.) ನಾನು ಮೊದಲು ಕೇಳುವುದು, "ಮಗು ಆಲ್ಜೀಬ್ರಾ ಟೂ ಹೇಗೆ ಮಾಡಿತು?" ಅಂತ. ಅದು ಕ್ಯಾಲ್ಕುಲಸ್‌ಗಿಂತ ಮುಂಚೆ ಓದುವ ಬೀಜಗಣಿತದ ಕೋರ್ಸ್. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಕೇಳಿದ್ದು ಕ್ಯಾಲ್ಕುಲಸ್, ಇವರು ಆಲ್ಜೀಬ್ರಾಗೆ ಯಾಕೆ ಹೋದರು ಅಂತ ಅನಿಸುತ್ತದೆ. ಯಾಕೆ ಅಂತ ಇವತ್ತು ಹೇಳುತ್ತೇನೆ.

ಮೊದಲು ಈ ಅಕ್ಷರಗಳ ಭಯ ಬಿಡಿಸೋಣ. ಎ.ಪಿ. ಕಾರ್ಯಕ್ರಮ 1955ರಿಂದ ಕಾಲೇಜ್ ಬೋರ್ಡ್ ಅನ್ನುವ ಪರೀಕ್ಷಾ ಸಂಸ್ಥೆಯ ಕೈಯಲ್ಲಿದೆ. ಕ್ಯಾಲ್ಕುಲಸ್‌ಗೆ ಮೊದಲು ಇದ್ದದ್ದು ಒಂದೇ ಪರೀಕ್ಷೆ. ಅದು ಎರಡಾದದ್ದು 1969ರಲ್ಲಿ. ಆಗ ವಿಷಯವನ್ನು ಮೂರು ತುಂಡಾಗಿ ನೋಡಿದ್ದರು: ಎ ಅಂದರೆ ಕ್ಯಾಲ್ಕುಲಸ್‌ಗೆ ಮುಂಚಿನ ಫಂಕ್ಷನ್‌ಗಳ ಪಾಠ, ಬಿ ಅಂದರೆ ಎರಡೂ ಕೋರ್ಸಿಗೆ ಸೇರಿದ ಕ್ಯಾಲ್ಕುಲಸ್, ಸಿ ಅಂದರೆ ಅದರ ಮುಂದಿನದು. ಎ ಮತ್ತು ಬಿ ಓದುವವರು ಎ.ಬಿ. ಬಿ ಮತ್ತು ಸಿ ಓದುವವರು ಬಿ.ಸಿ. ಅಷ್ಟೇ. ಬಿ.ಸಿ. ಅಂದರೆ ಬುದ್ಧಿವಂತರದ್ದು, ಎ.ಬಿ. ಅಂದರೆ ಉಳಿದವರದ್ದು ಅಂತ ಆ ಅಕ್ಷರಗಳಲ್ಲಿ ಎಲ್ಲೂ ಇಲ್ಲ.

ಇವತ್ತಿನ ಲೆಕ್ಕದಲ್ಲಿ ಎ.ಬಿ.ಯಲ್ಲಿ 8 ಯೂನಿಟ್, ಬಿ.ಸಿ.ಯಲ್ಲಿ 10. ಲಿಮಿಟ್, ಡೆರಿವೇಟಿವ್, ಇಂಟಿಗ್ರಲ್, ಸರಳ ಡಿಫರೆನ್ಷಿಯಲ್ ಈಕ್ವೇಶನ್ ಎರಡರಲ್ಲೂ ಇವೆ. ಬಿ.ಸಿ.ಯಲ್ಲಿ ಇಂಟಿಗ್ರೇಶನ್ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್, ಇಂಪ್ರಾಪರ್ ಇಂಟಿಗ್ರಲ್, ಆಯ್ಲರ್ ವಿಧಾನ, ಲಾಜಿಸ್ಟಿಕ್ ಬೆಳವಣಿಗೆ ಇಂಥವು ಅಲ್ಲಲ್ಲಿ ಸೇರುತ್ತವೆ. ಆಮೇಲೆ ಎರಡು ಪೂರ್ತಿ ಯೂನಿಟ್ ಹೊಸದು. ಒಂಬತ್ತನೆಯದು ಪ್ಯಾರಾಮೆಟ್ರಿಕ್, ಪೋಲಾರ್, ವೆಕ್ಟರ್. ಹತ್ತನೆಯದು ಇನ್ಫಿನಿಟ್ ಸೀರೀಸ್, ಅಂದರೆ ಕೊನೆಯಿಲ್ಲದೆ ಕೂಡುತ್ತಾ ಹೋಗುವ ಪದಗಳ ಸಾಲು. ಈ ಎರಡೇ ಸೇರಿ ಬಿ.ಸಿ. ಪರೀಕ್ಷೆಯ ಸುಮಾರು 30 ಪರ್ಸೆಂಟ್.

ಪರೀಕ್ಷೆಯ ಅಚ್ಚು ಎರಡಕ್ಕೂ ಒಂದೇ. ಮೂರೂಕಾಲು ಗಂಟೆ. 45 ಆಯ್ಕೆಯ ಪ್ರಶ್ನೆ, 6 ಬರೆಯುವ ಪ್ರಶ್ನೆ, ಎರಡಕ್ಕೂ ಅರ್ಧರ್ಧ ತೂಕ. ಬರೆಯುವ ಆರರಲ್ಲಿ ಮೂರು ಪ್ರಶ್ನೆ ಎರಡೂ ಪತ್ರಿಕೆಗಳಲ್ಲಿ ಒಂದೇ ಆಗಿರುತ್ತವೆ. 2025ರಿಂದ ಪ್ರಶ್ನೆ ಕಾಣುವುದು ಸ್ಕ್ರೀನಿನಲ್ಲಿ, ಆಯ್ಕೆಯ ಉತ್ತರ ಕೊಡುವುದೂ ಅಲ್ಲೇ, ಬರೆಯುವ ಉತ್ತರ ಮಾತ್ರ ಕಾಗದದ ಮೇಲೆ ಕೈಯಿಂದಲೇ ಬರೆಯಬೇಕು.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಇಲ್ಲಿ ಕೂತಿರುವ ಜಾಸ್ತಿ ಜನ ಪಿಯುಸಿ ಮಾಡಿ, ಸಿಇಟಿ ಬರೆದು, ಇಂಜಿನಿಯರಿಂಗ್ ಓದಿ ಬಂದವರು. ನಮಗೆ ಇಂಥ ಆಯ್ಕೆಯೇ ಇರಲಿಲ್ಲ. ಪಿಸಿಎಂಬಿನೋ ಪಿಸಿಎಂಸಿನೋ ಅನ್ನುವುದಷ್ಟೇ ಪ್ರಶ್ನೆ, ಗಣಿತ ಎಲ್ಲರಿಗೂ ಒಂದೇ. ಅದಕ್ಕೇ ಎರಡು ಹೆಸರು ಕಂಡ ತಕ್ಷಣ, ದೊಡ್ಡದು ಯಾವುದು ಅದನ್ನೇ ಹಾಕಿಸೋಣ ಅಂತ ಮನಸ್ಸು ಹೋಗುತ್ತದೆ. ನಿಮಗೆ ಗೊತ್ತಿರುವ ಅಳತೆಯಲ್ಲೇ ಹೇಳುವುದಾದರೆ, ನಮ್ಮ ಸೆಕೆಂಡ್ ಪಿಯುಸಿ ಕ್ಯಾಲ್ಕುಲಸ್ ಎ.ಬಿ.ಗಿಂತ ಒಂದು ಹೆಜ್ಜೆ ಮುಂದಿದೆ, ಯಾಕೆಂದರೆ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್ ಎರಡೂ ಅಲ್ಲಿದ್ದವು. ಆದರೆ ಬಿ.ಸಿ.ಯ ಸೀರೀಸ್ ಅಲ್ಲಿರಲಿಲ್ಲ. ಟೇಲರ್ ಸೀರೀಸ್, ಮೆಕ್ಲಾರಿನ್ ಸೀರೀಸ್ ಅಂತ ನಾವು ಕೇಳಿದ್ದು ಇಂಜಿನಿಯರಿಂಗ್ ಮೊದಲ ವರ್ಷದ ಗಣಿತ, ಎಂ-ಒನ್‌ನಲ್ಲಿ. ಅಂದರೆ ನಿಮ್ಮ 16-17 ವರ್ಷದ ಮಗು ಬಿ.ಸಿ. ತಗೊಂಡರೆ ಪಿಯುಸಿ ಕ್ಯಾಲ್ಕುಲಸ್ ಜೊತೆಗೆ ಎಂ-ಒನ್‌ನ ಒಂದು ಭಾಗವನ್ನೂ ಒಂದೇ ವರ್ಷದಲ್ಲಿ ಮುಗಿಸಬೇಕು. ಅದೂ ಮೇ ತಿಂಗಳ ಮೊದಲೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ನಮಗೆ ಇಂಟಿಗ್ರೇಶನ್ ಕೊಟ್ಟರೆ ಬಿಡಿಸುತ್ತಿದ್ದೆವು, ಕೈ ಓಡುತ್ತಿತ್ತು. ಇಲ್ಲಿನ ಪರೀಕ್ಷೆ ಕೈ ಓಟದ ಜೊತೆಗೆ, ಹೇಳಿದ್ದಕ್ಕೆ ಕಾರಣ ಕೊಡು ಅನ್ನುತ್ತದೆ. ಒಂದು ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತೇನೆ, ನೋಡಿ. ಒಂದು ಟ್ಯಾಂಕಿಗೆ ನೀರು ಬರುತ್ತಿದೆ. ನೀರು ಬರುವ ವೇಗದ ಹೆಸರು ಆರ್. ಸಮಯ 0, 2, 5, 9 ಗಂಟೆಗೆ ಅಳೆದಾಗ ಗಂಟೆಗೆ 40, 36, 30, 24 ಲೀಟರ್ ಇತ್ತು. ಆರ್ ಎಲ್ಲಾ ಹೊತ್ತೂ ಇಳಿಯುತ್ತಲೇ ಇದೆ. ಎಡಬದಿಯ ರೀಮಾನ್ ಮೊತ್ತ ಹಾಕಿ, ಅಂದರೆ ಪ್ರತಿ ಅಂತರದ ಶುರುವಿನ ವೇಗವನ್ನು ಆ ಅಂತರದಿಂದ ಗುಣಿಸಿ ಕೂಡಿಸಿ, 9 ಗಂಟೆಯಲ್ಲಿ ಎಷ್ಟು ನೀರು ಬಂತು ಅಂದಾಜು ಮಾಡಿ. ಆ ಅಂದಾಜು ನಿಜಕ್ಕಿಂತ ಜಾಸ್ತಿಯೋ ಕಡಿಮೆಯೋ, ಕಾರಣ ಕೊಡಿ.

ಮೊದಲ ಗುಂಡಿ ಇಲ್ಲೇ ಇದೆ. ಸಮಯದ ಅಂತರ ಒಂದೇ ಅಲ್ಲ, 2, 3, 4. ಸುಮ್ನೆ ಎಲ್ಲವನ್ನೂ 3 ಅಂತ ಇಟ್ಟುಕೊಂಡು ಗುಣಿಸಿಬಿಡುವ ಮಕ್ಕಳು ಬಹಳ. ಸರಿಯಾಗಿ ಮಾಡಿದರೆ ಎರಡು ನಲವತ್ತಲ 80, ಮೂರು ಮೂವತ್ತಾರಲ 108, ನಾಲ್ಕು ಮೂವತ್ತಲ 120, ಒಟ್ಟು 308 ಲೀಟರ್. ಎರಡನೇ ಗುಂಡಿ ಕಾರಣದಲ್ಲಿದೆ. ಕಳೆದ ವರ್ಷ ಒಬ್ಬ ಹುಡುಗ ನನ್ನ ಮುಂದೆ ಕೂತು ಇದೇ ಥರದ ಲೆಕ್ಕಕ್ಕೆ "ಅದು ಇಳಿಯುತ್ತಿದೆ, ಆದ್ದರಿಂದ ಜಾಸ್ತಿ" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದ. ತಲೆಯಲ್ಲಿ ಇದ್ದದ್ದು ಸರಿಯೇ. ಆದರೆ ಅದು ಅಂದರೆ ಯಾವುದು? ವೇಗವಾ, ನೀರಿನ ಮಟ್ಟವಾ? ನೀರಿನ ಮಟ್ಟ ಏರುತ್ತಿದೆ, ವೇಗ ಇಳಿಯುತ್ತಿದೆ! "ಆರ್ ಇಳಿಯುವ ಫಂಕ್ಷನ್ ಆದ್ದರಿಂದ ಎಡಬದಿಯ ಮೊತ್ತ ನಿಜಕ್ಕಿಂತ ಜಾಸ್ತಿ" ಅಂತ ಫಂಕ್ಷನ್ನಿನ ಹೆಸರು ಹಿಡಿದು ಬರೆದರೆ ಮಾರ್ಕು, ಇಲ್ಲದಿದ್ದರೆ ಹೋಯಿತು. ಒಂದೊಂದು ಬರೆಯುವ ಪ್ರಶ್ನೆಗೂ 9 ಅಂಕ, ಅವು ಹೀಗೆ ಒಂದೊಂದಾಗಿ ಹಂಚಿಹೋಗಿರುತ್ತವೆ. ಡಿಫರೆನ್ಷಿಯಲ್ ಈಕ್ವೇಶನ್ನಿನಲ್ಲಿ ಪ್ಲಸ್ ಸಿ ಬಿಟ್ಟರೆ ಒಂದೇ ಅಂಕ ಹೋಗುತ್ತದೆ ಅಂದುಕೊಳ್ಳಬೇಡಿ. ಆ ಸಿ ಇಲ್ಲದೆ ಮುಂದಿನ ಹೆಜ್ಜೆಗಳಿಗೂ ಅಂಕ ಸಿಗುವುದಿಲ್ಲ. ಮೀನ್ ವ್ಯಾಲ್ಯೂ ಥಿಯರಮ್ ಬಳಸಿದರೆ, ಫಂಕ್ಷನ್ ಕಂಟಿನ್ಯೂಯಸ್, ಡಿಫರೆನ್ಷಿಯಬಲ್ ಅಂತ ಮೊದಲು ಹೇಳಿ ಆಮೇಲೆ ಬಳಸಬೇಕು.

ಇದನ್ನೆಲ್ಲಾ ಯಾಕೆ ಇಷ್ಟು ಹೊತ್ತು ಹೇಳಿದೆ ಅಂದರೆ, ಈ ಟ್ಯಾಂಕಿನ ಲೆಕ್ಕ ಎ.ಬಿ.ಯದ್ದು. ಎ.ಬಿ. ಅಂದರೆ ಸುಲಭದ್ದು ಅಂತ ಅಂದುಕೊಂಡಿರುವವರು ಇಲ್ಲಿ ಇದ್ದೀರಲ್ಲ, ಅವರಿಗಾಗಿ. ಕಾಲೇಜಿನ ಒಂದು ಸೆಮಿಸ್ಟರಿನ ಕ್ಯಾಲ್ಕುಲಸ್‌ನ ಪಾಠವನ್ನು ಎ.ಬಿ. ಒಂದು ವರ್ಷ ಇಟ್ಟುಕೊಂಡು ನಿಧಾನವಾಗಿ, ಯೋಚಿಸುವುದಕ್ಕೆ ಜಾಗ ಕೊಟ್ಟು ಕಲಿಸುತ್ತದೆ. ಬಿ.ಸಿ. ಎರಡು ಸೆಮಿಸ್ಟರಿನದ್ದನ್ನು ಅದೇ ಒಂದು ವರ್ಷದಲ್ಲಿ ಮುಗಿಸುತ್ತದೆ. ಆದ್ದರಿಂದ ಬಿ.ಸಿ. ತರಗತಿ ಎ.ಬಿ.ಯ ಪಾಠವನ್ನು ಚಳಿಗಾಲದ ಹೊತ್ತಿಗೇ ಬಹುಪಾಲು ದಾಟಿರಬೇಕಾಗುತ್ತದೆ. ಕೆಲವು ಸ್ಕೂಲುಗಳಲ್ಲಿ ಎ.ಬಿ. ಮುಗಿಸಿದವರಿಗೇ ಬಿ.ಸಿ., ಕೆಲವು ಕಡೆ ಕ್ಯಾಲ್ಕುಲಸ್‌ಗೆ ತಯಾರಿ ಮಾಡಿಸುವ ಪ್ರೀಕ್ಯಾಲ್ಕುಲಸ್‌ನಿಂದ ನೇರ ಬಿ.ಸಿ. ನಿಮ್ಮ ಸ್ಕೂಲಿನಲ್ಲಿ ಹೇಗೆ ಅನ್ನುವುದನ್ನು ಮೊದಲು ಕೇಳಿ. ಪಕ್ಕದ ಡಿಸ್ಟ್ರಿಕ್ಟಿನವರ ಸಲಹೆ ನಿಮಗೆ ಹೊಂದದೇ ಇರಬಹುದು.

ಬಿ.ಸಿ.ಯ ಮಕ್ಕಳು ಎಡವುವುದು ಸಾಮಾನ್ಯವಾಗಿ ಕೊನೆಗೆ, ಸೀರೀಸ್‌ನಲ್ಲಿ. ಅಲ್ಲಿವರೆಗೆ ಫಾರ್ಮುಲಾ ಬಾಯಿಪಾಠ ಮಾಡಿಕೊಂಡು ಬಂದ ಮಗು ಇಲ್ಲಿ ನಿಂತುಬಿಡುತ್ತದೆ. ಸೀರೀಸ್ ಕೂಡಿಕೊಂಡು ಹೋದರೆ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದಾ ಇಲ್ಲವಾ ಅಂತ ಕೇಳಿದರೆ, ಯಾವ ಟೆಸ್ಟ್ ಹಾಕಬೇಕು ಅಂತ ಯಾರೂ ಹೇಳುವುದಿಲ್ಲ. ರೇಶಿಯೋ ಟೆಸ್ಟ್ ಹಾಕಬೇಕಾ, ಬೇರೆ ಸೀರೀಸ್ ಜೊತೆ ಹೋಲಿಸಬೇಕಾ, ನೋಡಿಯೇ ತೀರ್ಮಾನಿಸಬೇಕು. ರೇಶಿಯೋ ಟೆಸ್ಟ್ ಹಾಕಿ, ಎಕ್ಸ್‌ನ ಯಾವ ಬೆಲೆಗಳಿಗೆ ಸೀರೀಸ್ ನಿಲ್ಲುತ್ತದೆ ಅನ್ನುವ ಇಂಟರ್ವಲ್ ಸಿಕ್ಕ ಮೇಲೆ ಎರಡು ತುದಿಗಳನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಅದನ್ನು ಮರೆಯುವವರು ಎಷ್ಟೋ. ಈ ಪಾಠ ಚೆನ್ನಾಗಿ ಹತ್ತಿದ ಮಗುವಿಗೆ ಇದರಷ್ಟು ಖುಷಿ ಕೊಡುವುದು ಹೈಸ್ಕೂಲ್ ಗಣಿತದಲ್ಲಿ ಬೇರೆ ಇಲ್ಲ, ಇದನ್ನು ನಾನು ಮನಸಾರೆ ಹೇಳುತ್ತೇನೆ. ಸೈನ್ ಅನ್ನುವ ಫಂಕ್ಷನ್ನನ್ನು ಬರೀ ಕೂಡು-ಕಳೆ-ಗುಣಿಸುಗಳಲ್ಲಿ ಬರೆಯಬಹುದು ಅಂತ ಮೊದಲ ಸಲ ಕಂಡಾಗ ಮಕ್ಕಳ ಮುಖ ನೋಡಬೇಕು. ಆ ಖುಷಿ ಅವಸರದಲ್ಲಿ ಸಿಗುವುದಿಲ್ಲ ಅನ್ನುವುದೇ ನನ್ನ ಸಂಕಟ.

ಇಲ್ಲಿ ಒಂದು ಅಂಕಿಯ ಬಗ್ಗೆ ಎಚ್ಚರ. 2024ರಲ್ಲಿ ಬಿ.ಸಿ. ಬರೆದವರಲ್ಲಿ ಸುಮಾರು 48 ಪರ್ಸೆಂಟ್ ಮಕ್ಕಳಿಗೆ 5 (1ರಿಂದ 5ರವರೆಗಿನ ಅಂಕದಲ್ಲಿ ಅತಿ ಮೇಲಿನದು) ಬಂತು, ಎ.ಬಿ.ಯಲ್ಲಿ ಸುಮಾರು 21 ಪರ್ಸೆಂಟ್. ಇದನ್ನು ನೋಡಿ, "ಹಾಗಾದರೆ ಬಿ.ಸಿ.ಯಲ್ಲೇ 5 ಸಿಗೋದು ಸುಲಭ ಅಲ್ವಾ?" ಅಂತ ಒಬ್ಬರು ಕೇಳಿದ್ದರು. ಅಲ್ಲ. ಅಲ್ಲಿಗೆ ಹೋಗುವ ಮಕ್ಕಳೇ ಬೇರೆ. ಗಣಿತ ಕೈಹಿಡಿದವರು, ಮೊದಲೇ ಸೋಸಿ ಬಂದವರು. ಆ 48 ಪತ್ರಿಕೆಯ ಸುಲಭದಿಂದ ಬಂದದ್ದಲ್ಲ.

ಸರಿ, ಆಲ್ಜೀಬ್ರಾಗೆ ಬರುತ್ತೇನೆ. ಇದು ನನ್ನ ಮನೆಯದೇ ಕಥೆ. ನನ್ನ ಮಗಳಿಗೆ ಹನ್ನೊಂದನೇ ತರಗತಿಯಲ್ಲೇ ಬಿ.ಸಿ. ಆಗಲಿ ಅಂತ, ನಾವಿಬ್ಬರೂ ಸೇರಿ ಆಲ್ಜೀಬ್ರಾ ಟೂ ಅನ್ನು ಬೇಸಿಗೆಯ ಆರು ವಾರದಲ್ಲಿ ಆನ್‌ಲೈನ್ ಕೋರ್ಸಿನಲ್ಲಿ ಮುಗಿಸಿದೆವು. ಎ ಗ್ರೇಡ್ ಬಂತು. ನಮಗೆ ಹೆಮ್ಮೆ. ಎರಡು ವರ್ಷ ಆದ ಮೇಲೆ ಬಿ.ಸಿ. ತರಗತಿಯಲ್ಲಿ ಅವಳು ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು. ನೋಡಿದರೆ, ಡೆರಿವೇಟಿವ್ ತೆಗೆದದ್ದು ಸರಿಯಿದೆ, ಚೈನ್ ರೂಲ್ ಸರಿಯಿದೆ. ಕೊನೆಯಲ್ಲಿ ಎಕ್ಸ್ ಸ್ಕ್ವೇರ್ ಪ್ಲಸ್ ಒಂಬತ್ತರ ವರ್ಗಮೂಲವನ್ನು ಎಕ್ಸ್ ಪ್ಲಸ್ ಮೂರು ಅಂತ ಬರೆದಿದ್ದಾಳೆ. ಅಲ್ಲಿಂದ ಮುಂದೆ ಎಲ್ಲಾ ತಪ್ಪು. "ಅಮ್ಮ, ನಂಗೆ ಕ್ಯಾಲ್ಕುಲಸ್ ಬರಲ್ಲ" ಅಂದಳು. ಕ್ಯಾಲ್ಕುಲಸ್ ಬರುತ್ತಿತ್ತು ಅವಳಿಗೆ. ಆರು ವಾರದಲ್ಲಿ ನಾವು ಓಡಿಸಿದ ಆಲ್ಜೀಬ್ರಾ ಬರುತ್ತಿರಲಿಲ್ಲ. ಅದನ್ನು ಅವಳಿಗೆ ಅರ್ಥ ಮಾಡಿಸುವುದಕ್ಕೆ, ಅವಳ ಧೈರ್ಯ ವಾಪಸ್ ಬರುವುದಕ್ಕೆ, ಆ ವರ್ಷ ಪೂರ್ತಿ ಹಿಡಿಯಿತು.

ಇದು ನನ್ನೊಬ್ಬಳ ಅನುಭವ ಅಲ್ಲ. ಹಾರ್ವರ್ಡ್‌ನ ಫಿಲಿಪ್ ಸ್ಯಾಡ್ಲರ್ ಮತ್ತು ಗೆರ್ಹಾರ್ಡ್ ಸೊನ್ನೆರ್ಟ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕಾಲೇಜಿನ ಕ್ಯಾಲ್ಕುಲಸ್‌ನಲ್ಲಿ ಮಕ್ಕಳು ಹೇಗೆ ಮಾಡುತ್ತಾರೆ ಅನ್ನುವುದಕ್ಕೆ, ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಓದಿದ್ದಕ್ಕಿಂತ ಅದರ ಮುಂಚಿನ ಗಣಿತ ಗಟ್ಟಿಯಾಗಿರುವುದು ಎರಡು ಪಟ್ಟಿಗೂ ಜಾಸ್ತಿ ಪರಿಣಾಮ ಮಾಡುತ್ತದೆ ಅಂತ ಅವರು ಕಂಡರು. 2012ರಲ್ಲೇ ಇಲ್ಲಿನ ಕಾಲೇಜು ಗಣಿತದವರ ಸಂಘ ಎಂ.ಎ.ಎ., ಸ್ಕೂಲ್ ಗಣಿತ ಶಿಕ್ಷಕರ ಸಂಘ ಎನ್.ಸಿ.ಟಿ.ಎಂ. ಎರಡೂ ಸೇರಿ, ಹನ್ನೆರಡನೇ ತರಗತಿಯೊಳಗೆ ಕ್ಯಾಲ್ಕುಲಸ್ ಮುಗಿಸುವುದೇ ಗುರಿಯಾಗಬಾರದು, ತಳಪಾಯ ಗಟ್ಟಿಯಾಗಬೇಕು ಅಂತ ಹೇಳಿಕೆ ಕೊಟ್ಟವು. ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನ ಹೈಮೆ ಎಸ್ಕಲಾಂಟೆ ಮೇಷ್ಟ್ರ ಹೆಸರು ನೀವು ಕೇಳಿರಬಹುದು. 1982ರಲ್ಲಿ ಅವರ 18 ಮಕ್ಕಳು ಎ.ಪಿ. ಕ್ಯಾಲ್ಕುಲಸ್ ಪಾಸಾದರು, ಅನುಮಾನಪಟ್ಟು ಮತ್ತೆ ಬರೆಯಿರಿ ಅಂದಾಗ ಬರೆದ 12 ಮಕ್ಕಳೂ ಮತ್ತೆ ಪಾಸಾದರು. ಬಡವರ ಮಕ್ಕಳು, ಯಾರೂ ನಂಬಿರಲಿಲ್ಲ. ಆ ಮೇಷ್ಟ್ರು ವರ್ಷಗಟ್ಟಲೆ ಕೆಳಗಿನ ಗಣಿತದಿಂದಲೇ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಅವರು ಬರೆದದ್ದು ಎ.ಬಿ. ಪರೀಕ್ಷೆ.

ಪ್ರೀಕ್ಯಾಲ್ಕುಲಸ್ ಬಗ್ಗೆ ಒಂದು ಮಾತು. ಎ.ಪಿ. ಪ್ರೀಕ್ಯಾಲ್ಕುಲಸ್ ಅಂತ ಹೊಸದು ಬಂದಿದೆಯಲ್ಲ, ಮೊದಲ ಪರೀಕ್ಷೆ ಆದದ್ದು 2024ರ ಮೇನಲ್ಲಿ. ಅದರಲ್ಲಿ ನಾಲ್ಕು ಯೂನಿಟ್ ಇವೆ, ಪರೀಕ್ಷೆಗೆ ಬರುವುದು ಮೊದಲ ಮೂರು ಮಾತ್ರ. ನಾಲ್ಕನೆಯದರಲ್ಲಿ ಪ್ಯಾರಾಮೆಟ್ರಿಕ್, ವೆಕ್ಟರ್ ಇವೆ. ಪರೀಕ್ಷೆಗಿಲ್ಲ ಅಂತ ಅದನ್ನು ಬಿಟ್ಟ ತರಗತಿಯಿಂದ ಮಗು ನೇರ ಬಿ.ಸಿ.ಗೆ ಹೋದರೆ, ಒಂಬತ್ತನೇ ಯೂನಿಟ್ಟಿನಲ್ಲಿ ಆ ಪದಗಳನ್ನೇ ಮೊದಲ ಸಲ ಕೇಳುತ್ತದೆ. ಟೀಚರ್ ಹತ್ತಿರ ಕೇಳಿ, ಆ ಯೂನಿಟ್ ಮಾಡಿಸಿದ್ದೀರಾ ಅಂತ. ಇಲ್ಲವೆಂದರೆ ಬೇಸಿಗೆಯಲ್ಲಿ ಎರಡು ವಾರ ಕೂತು ಮಾಡಿಸಬಹುದು, ದೊಡ್ಡ ವಿಷಯ ಏನಲ್ಲ.

ಮನೆಯಲ್ಲಿ ಹೇಗೆ ನೋಡುವುದು? ನಾನು ಫೋನ್ ಮಾಡಿದವರಿಗೆಲ್ಲಾ ಒಂದೇ ಲೆಕ್ಕ ಕೊಡುತ್ತೇನೆ. ಒನ್ ಬೈ (ಎಕ್ಸ್ ಪ್ಲಸ್ ಎಚ್), ಮೈನಸ್ ಒನ್ ಬೈ ಎಕ್ಸ್, ಇಷ್ಟನ್ನೂ ಎಚ್‌ನಿಂದ ಭಾಗಿಸಿ ಸರಳ ಮಾಡು. ಕ್ಯಾಲ್ಕುಲೇಟರ್ ಬೇಡ, ನೀವೂ ಪಕ್ಕದಲ್ಲಿ ನಿಂತು ನೋಡಬೇಡಿ. ಇದರಲ್ಲಿ ಕ್ಯಾಲ್ಕುಲಸ್ ಒಂದು ಚೂರೂ ಇಲ್ಲ, ಬರೀ ಭಿನ್ನರಾಶಿ. ಛೇದ ಒಂದು ಮಾಡಿ, ಮೈನಸ್ ಚಿಹ್ನೆ ಬ್ರಾಕೆಟ್ಟಿನೊಳಗೆ ಸರಿಯಾಗಿ ಒಯ್ದು, ಮೇಲಿನ ಎಚ್ ಕೆಳಗಿನ ಎಚ್ ಹೊಡೆದುಹಾಕುವ ಮಗು ಬಿ.ಸಿ.ಯ ಮೊದಲ ತಿಂಗಳು ಸಲೀಸಾಗಿ ದಾಟುತ್ತದೆ. ಅದರ ಜೊತೆಗೆ ಲಾಗ್‌ನ ಎರಡು ಲೆಕ್ಕ, ಸೈನ್-ಕಾಸ್ ಬೆಲೆ ನಾಲ್ಕು ಕೇಳಿ. ತಡವರಿಸಿದರೆ ಬೈಯಬೇಡಿ. ಎ.ಬಿ. ಹಾಕಿಸಿ, ಬೇಸಿಗೆಯಲ್ಲಿ ಆಲ್ಜೀಬ್ರಾ ತಿದ್ದಿಸಿ.

ಕಾಲೇಜಿನವರು ಏನು ನೋಡುತ್ತಾರೆ ಅನ್ನುವುದು ನಿಮಗೆಲ್ಲಾ ಇರುವ ಚಿಂತೆ. ಎಂ.ಐ.ಟಿ. ಬಿ.ಸಿ.ಯಲ್ಲಿ 5 ಬಂದರೆ ತನ್ನ ಮೊದಲ ಕ್ಯಾಲ್ಕುಲಸ್ ಕೋರ್ಸಿಗೆ ಕ್ರೆಡಿಟ್ ಕೊಡುತ್ತದೆ, ಅಂದರೆ ಆ ಕೋರ್ಸ್ ಅಲ್ಲಿ ಮತ್ತೆ ಓದಬೇಕಿಲ್ಲ. ಎ.ಬಿ.ಗೆ ಕೊಡುವುದಿಲ್ಲ. ಕ್ಯಾಲ್‌ಟೆಕ್ ಎ.ಪಿ.ಗೆ ಕ್ರೆಡಿಟ್ಟನ್ನೇ ಕೊಡುವುದಿಲ್ಲ. ಅಷ್ಟೇ ಅಲ್ಲ, ಕ್ಯಾಲ್ಕುಲಸ್ ಕೋರ್ಸೇ ಇಲ್ಲದ ಸ್ಕೂಲುಗಳ ಮಕ್ಕಳಿಗೂ ದಾರಿ ಇರಲಿ ಅಂತ 2023ರಲ್ಲಿ ಅದು ತನ್ನ ಪ್ರವೇಶದ ನಿಯಮ ಸಡಿಲಿಸಿತು. ಇಲಿನಾಯ್‌ನಲ್ಲಿ ಸರ್ಕಾರಿ ಯೂನಿವರ್ಸಿಟಿಗಳು 3 ಬಂದರೂ ಕ್ರೆಡಿಟ್ ಕೊಡಬೇಕು ಅಂತ ಕಾನೂನೇ ಇದೆ. ಹೀಗೆ ಒಂದೊಂದು ಕಡೆ ಒಂದೊಂದು ಥರ, ಆದ್ದರಿಂದ ಆಯಾ ಕಾಲೇಜಿನ ಪುಟ ತೆಗೆದು ಓದಿ. ಬಿ.ಸಿ. ಬರೆದ ಮಗುವಿಗೆ ಎ.ಬಿ. ಭಾಗಕ್ಕೆ ಬೇರೆಯಾಗಿ ಒಂದು ಸಬ್‌ಸ್ಕೋರ್ ಬರುತ್ತದೆ ಅನ್ನುವುದನ್ನೂ ನೆನಪಿಡಿ. ಸೀರೀಸ್‌ನಲ್ಲಿ ಮುಗ್ಗರಿಸಿದರೂ ಆ ಅಂಕಕ್ಕೆ ಮೊದಲ ಸೆಮಿಸ್ಟರಿನ ಕ್ರೆಡಿಟ್ ಕೊಡುವ ಕಾಲೇಜುಗಳಿವೆ.

ಇನ್ನು ಕೇಳಿದ ಪ್ರಶ್ನೆಗಳು.

ಒಬ್ಬರು ಕೇಳಿದರು, ಮಗನಿಗೆ ಗಣಿತ ಅಷ್ಟಕ್ಕಷ್ಟೇ, ಸೈಕಾಲಜಿ ಓದುತ್ತಾನಂತೆ, ಆದರೂ ಕ್ಯಾಲ್ಕುಲಸ್ ಬೇಕಾ? ಅವನಿಗೆ ಎ.ಪಿ. ಸ್ಟಾಟಿಸ್ಟಿಕ್ಸ್ ಜಾಸ್ತಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಕೀಳು ಅಂತ ನೋಡಬೇಡಿ. ಸೈಕಾಲಜಿಯಲ್ಲಿ ದಿನಬೆಳಗಾದರೆ ಬೇಕಾಗುವುದು ಅದೇ.

ಇನ್ನೊಬ್ಬರು, ಅದೇ ವರ್ಷ ಫಿಸಿಕ್ಸ್ ಸಿ (ಕ್ಯಾಲ್ಕುಲಸ್ ಬಳಸುವ ಎ.ಪಿ. ಫಿಸಿಕ್ಸ್) ಕೂಡ ತಗೊಳ್ಳಬಹುದಾ ಅಂದರು. ತಗೊಳ್ಳಬಹುದು. ಆದರೆ ಫಿಸಿಕ್ಸ್ ಟೀಚರಿಗೆ ಇಂಟಿಗ್ರಲ್ ಬೇಕಾಗುವ ಹೊತ್ತಿಗೆ ಕ್ಯಾಲ್ಕುಲಸ್ ಟೀಚರ್ ಇನ್ನೂ ಡೆರಿವೇಟಿವ್‌ನಲ್ಲೇ ಇರಬಹುದು. ಅದು ಗೊತ್ತಿದ್ದೇ ಹೋಗಲಿ.

ಕೊನೆಗೆ ಹತ್ತನೇ ತರಗತಿಯ ಒಬ್ಬಳು ಹುಡುಗಿ ಎದ್ದು ನಿಂತಳು. "ಆಂಟಿ, ಅಮ್ಮ ಬಿ.ಸಿ. ಅಂತಾರೆ. ಮುಂದಿನ ವರ್ಷ ನನ್ನ ಅರಂಗೇಟ್ರಂ ಇದೆ. ನಂಗೆ ಎ.ಬಿ. ಸಾಕು ಅನ್ಸತ್ತೆ. ಆಮೇಲೆ ಬಿ.ಸಿ. ಮಾಡಕ್ಕಾಗತ್ತಾ?" ಅವಳ ಅಮ್ಮ ಪಕ್ಕದಲ್ಲೇ ಕೂತಿದ್ದರು. ಆಗುತ್ತದೆ ಅಂದೆ. ಹನ್ನೊಂದರಲ್ಲಿ ಎ.ಬಿ. ಪರೀಕ್ಷೆ ಬರೆದು ಹನ್ನೆರಡರಲ್ಲಿ ಬಿ.ಸಿ. ಬರೆಯಬಹುದು, ಎರಡನ್ನೂ ಒಂದೇ ವರ್ಷ ಬರೆಯುವ ಹಾಗಿಲ್ಲ ಅಷ್ಟೇ. ಆಮೇಲೆ ಅವಳ ಅಮ್ಮನಿಗೆ, ನಾಳೆ ಕೌನ್ಸೆಲರ್‌ಗೆ ಇಮೇಲ್ ಬರೆದು ಎರಡು ವಿಷಯ ಕೇಳಿ ಅಂದೆ: ನಿಮ್ಮ ಸ್ಕೂಲಿನಲ್ಲಿ ಎ.ಬಿ. ಆದ ಮೇಲೆ ಬಿ.ಸಿ. ತಗೊಳ್ಳಲು ಬಿಡುತ್ತಾರಾ, ಮತ್ತು ಬಿ.ಸಿ. ಶುರು ಮಾಡಿ ಭಾರ ಅನಿಸಿದರೆ ಎ.ಬಿ.ಗೆ ಇಳಿಯಲು ಕೊನೆಯ ದಿನಾಂಕ ಯಾವುದು. ಅವರು ಫೋನ್ ತೆಗೆದು ಅಲ್ಲೇ ಬರೆದುಕೊಂಡರು. ಕಾಫಿ ಹೊತ್ತಿಗೆ ನೋಡಿದರೆ ಹುಡುಗಿ ಪೇಪರ್ ತಟ್ಟೆಯ ಹಿಂಬದಿಯಲ್ಲಿ ಆ ಎಚ್‌ನ ಲೆಕ್ಕ ಬಿಡಿಸುತ್ತಿದ್ದಳು, ಮೈನಸ್ ಚಿಹ್ನೆ ಎಲ್ಲಿ ಹೋಯಿತು ಅಂತ ಅಮ್ಮ-ಮಗಳು ಇಬ್ಬರೂ ತಲೆ ಬಗ್ಗಿಸಿ ಹುಡುಕುತ್ತಿದ್ದರು.